ಎರಡು ಸಾವಿರದ ಮುನ್ನೂರ ಹತ್ತು ಹೆಜ್ಜೆ

ಸೇತುವೆಯ ಬುಡದಿಂದ ಹೊರಟು, ನದಿದಂಡೆಯನ್ನು ಹಿಡಿದು, ಗುಡ್ಡದ ನೆತ್ತಿಗೆ ಏರುವ ಕಾಲುದಾರಿಯ ಉದ್ದ ಎಷ್ಟು ಎಂಬುದರ ಬಗ್ಗೆ ಊರಿನಲ್ಲಿ ಒಮ್ಮತವಿರಲಿಲ್ಲ. ಬೆಳಗಿನ ನಡಿಗೆಗೆ ಬರುವವರು 'ಸುಮಾರು ಎರಡು ಕಿಲೋಮೀಟರ್' ಎನ್ನುತ್ತಿದ್ದರು. 'ಸುಮಾರು' ಎಂಬ ಪದದ ನೆರಳಿನಲ್ಲಿ ಬದುಕುವವರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಉದ್ಯಾನ ಕಚೇರಿಯವರು ನೆಟ್ಟ ಹಸಿರು ಫಲಕದಲ್ಲಿ 1,420 ಮೀಟರ್ ಎಂದು ಬರೆದಿತ್ತು. ಆ ಫಲಕ ಹಸಿ ಸುಳ್ಳು ಹೇಳುತ್ತಿದೆ ಎಂದು ವಾದಿಸುತ್ತಿದ್ದವರು ಇಡೀ ಊರಿಗೆ ಒಬ್ಬರೇ: ರೈಲ್ವೆಯಿಂದ ನಿವೃತ್ತರಾದ ಹಳಿ ತಪಾಸಕರು. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಮೈಲಿಗಲ್ಲು' ಎನ್ನುತ್ತಿದ್ದರು. ಎದುರಿಗೆ ಹಾಗೆನ್ನುವ ಧೈರ್ಯವಿದ್ದದ್ದು ಅವರ ಹೆಂಡತಿಗೆ ಮಾತ್ರ.

ತಪಾಸಕರ ವಾದಕ್ಕೆ ಆಧಾರವಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಹಳಿಗಳ ಕೆಳಗೆ ಅಡ್ಡಲಾಗಿ ಹಾಸಿದ ದಿಮ್ಮಿಗಳು ಅವರ ಪಾಲಿನ ಹಾದಿಯಲ್ಲಿ ಕಿಲೋಮೀಟರಿಗೆ ಸಾವಿರದ ಐನೂರ ನಲವತ್ತಿದ್ದವು. ನಡುವಿನ ಜಲ್ಲಿಯ ಮೇಲೆ ಕಾಲಿಟ್ಟರೆ ಕಣಕಾಲು ಉಳುಕುತ್ತದೆ. ಆದ್ದರಿಂದ ಆ ಕೆಲಸದವರು ದಿಮ್ಮಿಯಿಂದ ದಿಮ್ಮಿಗೆ ಹೆಜ್ಜೆಯಿಡುತ್ತಾರೆ. ಹೆಗಲ ಮೇಲೆ ಸುತ್ತಿಗೆ ಹೊತ್ತು, ಸಡಿಲವಾದ ಕೀಲುಗಳನ್ನು ಬಡಿದು ಕೂರಿಸುತ್ತ, ಮೂವತ್ತನಾಲ್ಕು ವರ್ಷ ಹಾಗೆ ನಡೆದ ಮೇಲೆ ಅವರ ಕಾಲುಗಳಿಗೆ ಬೇರೆ ಅಳತೆಯೇ ಮರೆತುಹೋಗಿತ್ತು. ಆಸ್ಪತ್ರೆಯ ಓಣಿಯಿರಲಿ, ಮನೆಯ ಹಜಾರವಿರಲಿ, ಅವರ ಹೆಜ್ಜೆ ಅರುವತ್ತೈದು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಅಷ್ಟೇ. ಅಡುಗೆಮನೆಯಿಂದ ಬಾಗಿಲಿಗೆ ಹದಿನೇಳು ಹೆಜ್ಜೆ ಎಂಬುದು ಅವರಿಗೆ ತಮ್ಮ ಹುಟ್ಟಿದ ದಿನಾಂಕಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಹೆಂಡತಿಯ ಮಂಡಿಗೆ ಶಸ್ತ್ರಚಿಕಿತ್ಸೆಯಾಗುವವರೆಗೆ. ಆಮೇಲೆ ವೈದ್ಯರು, ದಿನವೂ ನಡೆಯಬೇಕು, ಆದರೆ ಹೋಗುವಾಗ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಬೇಡ, ಕೂತು ದಣಿವಾರಿಸಿಕೊಂಡು ಹಿಂದಿರುಗಬೇಕು ಎಂದು ಹೇಳಿದರು. ವೈದ್ಯರು ಬಾಯಿಮಾತಿಗೆ ಹೇಳಿದ್ದನ್ನು ತಪಾಸಕರು ಸರ್ಕಾರಿ ಆದೇಶವೆಂಬಂತೆ ಸ್ವೀಕರಿಸಿದರು. ಒಂದೂವರೆ ಕಿಲೋಮೀಟರ್ ಎಂದರೆ ಎರಡು ಸಾವಿರದ ಮುನ್ನೂರ ಹತ್ತು ಹೆಜ್ಜೆ. ಅಂದಿನಿಂದ ಹದಿನಾಲ್ಕು ತಿಂಗಳು, ಆಕೆಯ ತೋಳು ಹಿಡಿದು, ತುಟಿಯೊಳಗೇ ಎಣಿಸುತ್ತ, ಅವರು ದಂಡೆಯುದ್ದಕ್ಕೂ ನಡೆದರು. ಕೊನೆಯ ಸಂಖ್ಯೆ ಬರುವಾಗ ಗುಡ್ಡದ ನಡುವೆ ಒಂದು ಕಲ್ಲುಬೆಂಚು ಸಿಗುತ್ತಿತ್ತು. ನೆತ್ತಿ ಇನ್ನೂ ಎರಡು ತಿರುವುಗಳಾಚೆ ಇರುತ್ತಿತ್ತು.

"ಇನ್ನೆರಡು ತಿರುವು ಅಷ್ಟೇ ಕಣ್ರೀ" ಎಂದು ಆಕೆ ಅನ್ನುತ್ತಿದ್ದಳು.

"ಲೆಕ್ಕ ಮುಗೀತು. ಕೂತ್ಕೋ" ಎಂದು ಅವರು ಅನ್ನುತ್ತಿದ್ದರು.

ಆಕೆ ಆ ನೆತ್ತಿಯನ್ನು ಒಮ್ಮೆಯೂ ಕಂಡಿರಲಿಲ್ಲ. ದಾರಿ ಮಾಡಿ ಎಂಟು ವರ್ಷವಾಗಿತ್ತು. ಶಸ್ತ್ರಚಿಕಿತ್ಸೆಯಾಗುವವರೆಗೂ ಮಂಡಿನೋವು ಆಕೆಯನ್ನು ಮನೆಯಲ್ಲೇ ಕಟ್ಟಿಹಾಕಿತ್ತು. ತನಗಿಂತ ನಾಲ್ಕು ವರ್ಷ ದೊಡ್ಡವಳಾದ ನಾದಿನಿಯಂತೂ ವಾರಕ್ಕೆರಡು ಬಾರಿ ಅಲ್ಲಿಗೆ ಹೋಗಿ, ಅಲ್ಲಿಂದಲೇ ಫೋನು ಮಾಡಿ, ನದಿ ಎರಡಾಗಿ ಒಡೆದು ಮತ್ತೆ ಕೂಡುವುದನ್ನು ವರ್ಣಿಸಿ, "ಅತ್ತಿಗೆ, ಅಣ್ಣ ಇವತ್ತೂ ಬಿಡ್ಲಿಲ್ವಾ?" ಎಂದು ಕೇಳುತ್ತಿದ್ದಳು. ಫಲಕದ ಪ್ರಕಾರ ನೆತ್ತಿ ವೈದ್ಯರ ಮಿತಿಯೊಳಗೇ ಇತ್ತು. ಆದರೆ ಸರ್ಕಾರದ ಬಣ್ಣಕ್ಕಿಂತ ಸ್ವಂತ ಕಾಲನ್ನು ನಂಬುವುದು ತಪಾಸಕರ ಜಾಯಮಾನ.

ಆ ತಿಂಗಳ ಆರಂಭದಲ್ಲಿ ಫಲಕದ ಪಕ್ಕ ಇನ್ನೊಂದು ಸೂಚನೆ ಅಂಟಿಸಿದರು. ನೆತ್ತಿಯ ಮೇಲೆ ನೀರಿನ ಟ್ಯಾಂಕು ಕಟ್ಟುವುದರಿಂದ ಮುಂದಿನ ತಿಂಗಳ ಒಂದರಿಂದ ಹದಿನೆಂಟು ತಿಂಗಳ ಕಾಲ ಮೇಲಿನ ದಾರಿ ಬಂದ್. ಆಕೆ ಅದನ್ನು ಎರಡು ಸಲ ಓದಿದಳು. ಆ ದಿನ ಬೆಂಚಿನ ಮೇಲೆ ಕೂತಾಗ ತಿರುವುಗಳ ಮಾತೆತ್ತಲಿಲ್ಲ. ಬೈದಿದ್ದರೆ ತಪಾಸಕರಿಗೆ ಉತ್ತರ ಗೊತ್ತಿತ್ತು, ಮೌನಕ್ಕೆ ಗೊತ್ತಿರಲಿಲ್ಲ.

ಅವರು ತಮಗೆ ಗೊತ್ತಿದ್ದ ಒಂದೇ ಪ್ರೇಮಪತ್ರವನ್ನು ಬರೆದರು, ಅಂದರೆ ಉದ್ಯಾನ ಕಚೇರಿಗೆ ದೂರು. ಫಲಕದ ಅಳತೆ ತಪ್ಪಾಗಿದ್ದು, ಅದರಿಂದ ರೋಗಿಗಳು ದಾರಿ ತಪ್ಪುವ ಸಂಭವವಿದೆ. ಮರು ಅಳತೆಯಾಗಬೇಕು, ಅರ್ಜಿದಾರನ ಸಮಕ್ಷಮದಲ್ಲಿ, ತಿಂಗಳು ಮುಗಿಯುವುದರೊಳಗೆ. ಅಳತೆಯಲ್ಲಿ ಫಲಕವೇ ಗೆದ್ದರೆ ಆಕೆಯನ್ನು ನೆತ್ತಿಗೆ ತಾವೇ ಕರೆದೊಯ್ಯುವುದೆಂದು ಅವರು ಮನಸ್ಸಿನಲ್ಲೇ ಷರತ್ತು ಹಾಕಿಕೊಂಡಿದ್ದರು. ಮೂರನೆಯ ಪತ್ರದ ಕಾಟ ತಡೆಯಲಾರದೆ ಕಚೇರಿಯವರು ಇಪ್ಪತ್ತೆಂಟನೆಯ ತಾರೀಕು ಒಬ್ಬ ಅಳತೆಗಾರ್ತಿಯನ್ನು ಕಳಿಸಿದರು. ಆಕೆ ನಡುವಯಸ್ಸಿನವರು; ಉದ್ದ ಹಿಡಿಯ ತುದಿಯಲ್ಲಿ ಒಂದು ಗಾಲಿ, ಅದು ಉರುಳಿದಷ್ಟೂ ಮೀಟರುಗಳನ್ನು ತೋರಿಸುವ ಒಂದು ಪುಟ್ಟ ಡಬ್ಬಿ, ಇಷ್ಟು ಸಲಕರಣೆ ತಂದಿದ್ದರು.

ತಪಾಸಕರು ಮೊದಲು ಗಾಲಿಯನ್ನೇ ಪರೀಕ್ಷೆಗೆ ಒಡ್ಡಿದರು. ದಂಡೆಯ ಪಕ್ಕದ ಬೇಲಿಯಾಚೆ ರೈಲು ಹಾದಿಯಿತ್ತು. ನೂರು ಮೀಟರಿಗೊಂದರಂತೆ ಅಲ್ಲಿ ನಿಂತ ಕಲ್ಲುಗಳಿಗೆ ಅವರೇ ಹಿಂದೆ ಸುಣ್ಣ ಬಳಿದಿದ್ದರು. ಬೇಲಿಯ ಈಚೆಯಿಂದ, ಒಂದು ಕಲ್ಲಿನ ನೇರದಿಂದ ಇನ್ನೊಂದರ ನೇರಕ್ಕೆ ಗಾಲಿ ಉರುಳಿತು: ಸರಿಯಾಗಿ ನೂರು. ಅನಂತರ ತಪಾಸಕರು ಬೆನ್ನು ನೆಟ್ಟಗೆ ಮಾಡಿ ಅಷ್ಟೇ ದೂರ ಒಬ್ಬರೇ ನಡೆದರು: ನೂರ ಐವತ್ತನಾಲ್ಕು ಹೆಜ್ಜೆ. ಅದಕ್ಕಿಂತ ಕರಾರುವಾಕ್ಕಾದ ಸಾಕ್ಷಿ ಬೇಕೆ? ಅವರ ಮುಖ ಅರಳಿತು. ಅಳತೆಗಾರ್ತಿ ಪುಸ್ತಕದಲ್ಲಿ ಬರೆದುಕೊಂಡರು. ಹೆಂಡತಿ ಸೇತುವೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಮೂವರೂ ಹೊರಟರು. ತಪಾಸಕರು ಎಂದಿನಂತೆ ಹೆಂಡತಿಯ ತೋಳು ಹಿಡಿದು ಎಣಿಸಿದರು. ಹಿಂದೆ ಗಾಲಿ ಟಿಕ್ ಟಿಕ್ ಎನ್ನುತ್ತ ಬಂತು. ದಂಡೆ ಮುಗಿಯಿತು, ಏರು ಶುರುವಾಯಿತು, ಬೆಂಚು ಬಂತು.

"ಎರಡು ಸಾವಿರದ ಮುನ್ನೂರ ಹತ್ತು" ಎಂದು ತಪಾಸಕರು ಘೋಷಿಸಿದರು. "ಒಂದೂವರೆ ಕಿಲೋಮೀಟರ್. ನೆತ್ತಿ ಎಲ್ಲಿದೆ, ನೀವೇ ನೋಡಿ."

ಅಳತೆಗಾರ್ತಿ ಡಬ್ಬಿಯತ್ತ ಬಗ್ಗಿದರು. "ಸಾವಿರದ ನೂರ ಐವತ್ತೈದು, ಸರ್" ಎಂದರು.

ತಪಾಸಕರು ತಾವೇ ಬಗ್ಗಿ ನೋಡಿದರು. ಗಾಲಿ ಜಾರಿರಬಹುದೆಂದರು, ಕಲ್ಲಿಗೆ ತಗುಲಿರಬಹುದೆಂದರು. ಜಾರಿದರೂ ಮುನ್ನೂರ ನಲವತ್ತೈದು ಮೀಟರ್ ಜಾರುತ್ತದೆಯೇ ಎಂದು ಅಳತೆಗಾರ್ತಿ ಬಹು ವಿನಯದಿಂದ ಕೇಳಿದರು. ಕೆಳಗೆ ಹೆಜ್ಜೆಯೂ ಸರಿಯಿತ್ತು, ಗಾಲಿಯೂ ಸರಿಯಿತ್ತು. ಇಲ್ಲಿ ಎರಡೂ ಸರಿಯಿರಲು ಸಾಧ್ಯವಿರಲಿಲ್ಲ. ತಪಾಸಕರು ಬೆಂಚಿನ ಮೇಲೆ ಕೂತುಬಿಟ್ಟರು. ಮೂವತ್ತನಾಲ್ಕು ವರ್ಷ ಅವರ ಕಾಲು ಅವರಿಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಹೆಂಡತಿ ನಿಂತೇ ಇದ್ದಳು.

"ಕೆಳಗೆ ನೀವು ಒಬ್ರೇ ನಡೆದ್ರಿ" ಎಂದಳು. "ಇಲ್ಲಿಗೆ ನನ್ನ ಜೊತೆ ನಡೆದ್ರಿ."

ತಪಾಸಕರಿಗೆ ಅರ್ಥವಾಗಲಿಲ್ಲ. ಅಳತೆಗಾರ್ತಿಗೆ ಆಯಿತು, ಅವರು ಗಾಲಿಯಿಂದ ದಾರಿಯ ಮೇಲೆ ಹತ್ತು ಮೀಟರ್ ಗುರುತು ಹಾಕಿಕೊಟ್ಟರು. ಹೆಂಡತಿ ತೋಳು ಚಾಚಿದಳು. ತಪಾಸಕರು ಹಿಡಿದು, ಬಗ್ಗಿ ತಮ್ಮ ಪಾದಗಳನ್ನೇ ನೋಡುತ್ತ ನಡೆದರು. ಹದಿನೈದಕ್ಕೆ ಮುಗಿಯಬೇಕಿತ್ತು. ಇಪ್ಪತ್ತಾಯಿತು.

"ಮದುವೆಯಾದ ಹೊಸತರಲ್ಲಿ ನಿಮ್ಮ ಹಿಂದೆ ಓಡೋದೇ ನನ್ನ ಕೆಲ್ಸ ಆಗಿತ್ತು. ಅಂಗಡಿಗೆ ಹೋದ್ರೂ ಓಟ, ಅತ್ತೆ ಮನೆಗೆ ಹೋದ್ರೂ ಓಟ" ಎಂದು ಆಕೆ ಅಳತೆಗಾರ್ತಿಗೆ ಕೇಳಿಸುವಂತೆ ಹೇಳಿದಳು. "ಈಗ ಹದಿನಾಲ್ಕು ತಿಂಗಳಿಂದ ಪಕ್ಕದಲ್ಲೇ ಬರ್ತಿದೀರ. ಹೆಜ್ಜೆ ಚಿಕ್ಕದಾಗದೆ ಇರತ್ತಾ, ಮೈಲಿಗಲ್ಲು?"

ಹದಿನಾಲ್ಕು ತಿಂಗಳ ಬೆಳಗುಗಳ ಹೆಜ್ಜೆಗಳನ್ನೆಲ್ಲ, ಹೆಜ್ಜೆಗೆ ಅರ್ಧ ಮೀಟರಿನಂತೆ, ಸೊನ್ನೆ ದಶಾಂಶ ಐದರಿಂದ ಗುಣಿಸುವ ಕೆಲಸದಲ್ಲಿ ತಪಾಸಕರ ಮನಸ್ಸು ಮುಳುಗಿತ್ತು. ಗುಣಾಕಾರ ಮುಗಿದು ತಲೆಯೆತ್ತುವಷ್ಟರಲ್ಲಿ ಹೆಂಡತಿ ಮೊದಲ ತಿರುವು ದಾಟಿದ್ದಳು. ಅವರು ತಮ್ಮ ಹಳೆಯ ಹೆಜ್ಜೆಯಲ್ಲೇ ಬಿರಬಿರನೆ ಹೋಗಿ, ಎರಡನೆಯ ತಿರುವಿನಲ್ಲಿ ಆಕೆಯ ತೋಳನ್ನು ಹಿಡಿದರು.

ನೆತ್ತಿಯಲ್ಲಿ ಗಾಲಿ 1,423 ತೋರಿಸಿತು. ಫಲಕಕ್ಕೆ ಮೂರು ಮೀಟರ್ ಸಾಲದೆಂದು ತಪಾಸಕರು ತಕ್ಷಣ ಗಮನಕ್ಕೆ ತಂದರು. ಅಳತೆಗಾರ್ತಿ ಒಪ್ಪಿಕೊಂಡು ಬರೆದುಕೊಂಡರು. ಹೆಂಡತಿ ಅಂಚಿನ ಕಂಬಿಯನ್ನು ಹಿಡಿದು, ಕೆಳಗೆ ನದಿ ಎರಡಾಗುವುದನ್ನೂ ದಿಬ್ಬವೊಂದನ್ನು ಬಳಸಿ ಮತ್ತೆ ಒಂದಾಗುವುದನ್ನೂ ಬಹಳ ಹೊತ್ತು ನೋಡಿದಳು. ಕೊನೆಗೆ, ನಾದಿನಿ ಹೇಳಿದಷ್ಟೇನೂ ಅಗಲವಿಲ್ಲ ಎಂದಳು. ಇನ್ನೆರಡು ದಿನವಿದೆಯಲ್ಲ, ಎರಡೂ ದಿನ ಬರೋಣ ಎಂದೂ ಹೇಳಿದಳು.

ಅದೇ ಮಧ್ಯಾಹ್ನ ತಪಾಸಕರು ಕಚೇರಿಗೆ ನಾಲ್ಕನೆಯ ಪತ್ರ ಬರೆದು ಮೂರು ದೂರುಗಳನ್ನೂ ಹಿಂತೆಗೆದುಕೊಂಡರು. ತಪ್ಪೊಪ್ಪಿಗೆಯಲ್ಲೂ ಅವರು ನಿಖರತೆ ಬಿಡುವವರಲ್ಲ. ಕೊನೆಯ ಸಾಲಿನಲ್ಲಿ 'ದೋಷಕ್ಕೆ ಕಾರಣ: ಅರ್ಜಿದಾರನು ತನ್ನ ಪತ್ನಿಯೊಂದಿಗೆ ನಡೆಯುತ್ತಿದ್ದುದು' ಎಂದು ನಮೂದಿಸಿ, ಆಕೆಗೆ ಓದಿ ಹೇಳಿದರು.

"ಇದನ್ನ ದೋಷ ಅಂತ ಬರೀತೀರಾ?" ಎಂದಳು ಆಕೆ, ಕಾಲು ಚಾಚಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತ.

ತಪಾಸಕರು ಪೆನ್ನು ಹಿಡಿದು ಯೋಚಿಸಿದರು. ಅರ್ಜಿಗಳಲ್ಲಿ ಬಳಸುವ ಬೇರೆ ಪದ ಯಾವುದೂ ಅವರಿಗೆ ಹೊಳೆಯಲಿಲ್ಲ. ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಅಂಚೆಗೆ ಹಾಕಲು ಹೊರಟರು. ತಾನೂ ಬರುತ್ತೇನೆಂದು ಆಕೆ ಚಪ್ಪಲಿ ಹುಡುಕತೊಡಗಿದಾಗ, ಇಂದಿನ ಮಿತಿ ಆಗಲೇ ಮುಗಿದಿದೆ ಎಂದು ಖಡಾಖಂಡಿತವಾಗಿ ತಿಳಿಸಿದರು.