ಕಡ್ಡಿ ಹೋದರೂ ಕುಣಿಕೆ ಉಳಿಸುವ ಯಾಂಗ್‌ಡೋಲ್

ಬಿಸಿಲು ಇನ್ನೂ ಸ್ತೋಕ್ ಬೆಟ್ಟದ ನೆತ್ತಿಯನ್ನಷ್ಟೇ ಮುಟ್ಟಿದೆ. ಲೇಹ್ ವಿಮಾನ ನಿಲ್ದಾಣದ ಒಳಗೆ, ತಪಾಸಣೆ ಯಂತ್ರ ದಾಟಿದ ಮೇಲೆ ಸಿಗುವ ಬೆಂಚಿನಲ್ಲಿ, ಅಜ್ಜಿಯೊಬ್ಬಳು ಅರ್ಧ ಹೆಣೆದ ಕಾಲುಚೀಲವನ್ನು ತುಂಬಿದ ಬಟ್ಟಲಿನಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಿದ್ದಾಳೆ. ಅಲುಗಿದರೆ ಕೆಟ್ಟಿತು. ಅದರೊಳಗಿದ್ದ ಉಕ್ಕಿನ ಕಡ್ಡಿಗಳನ್ನು ಈಗಷ್ಟೇ ತೆಗೆದಿಟ್ಟುಕೊಂಡಿದ್ದಾರೆ. ಬಾಯಿ ತೆರೆದ ಉಣ್ಣೆಯ ಕುಣಿಕೆಗಳು ಒಂದೊಂದಾಗಿ ಜಾರಲು ಕಾಯುತ್ತಿವೆ.

ನೆಲ ಒರೆಸುತ್ತಿದ್ದ ಹೆಂಗಸು ಕೋಲನ್ನು ಗೋಡೆಗೆ ಒರಗಿಸಿ, ಅಜ್ಜಿಯ ಮುಂದೆ ಮೊಣಕಾಲೂರುತ್ತಾಳೆ. ಜೇಬಿನಿಂದ ಹೊಸ ಶೂ ದಾರವೊಂದನ್ನು ತೆಗೆಯುತ್ತಾಳೆ. ದಾರದ ಪ್ಲಾಸ್ಟಿಕ್ ಸುತ್ತಿದ ಗಟ್ಟಿ ತುದಿಯನ್ನು ಮೊದಲ ಕುಣಿಕೆಗೆ ತೂರಿಸಿ, ಎರಡನೆಯದಕ್ಕೆ, ಮೂರನೆಯದಕ್ಕೆ ಸಾಗುತ್ತಾಳೆ. ಅವಳ ಬೆರಳುಗಳು ಚಳಿಗೆ ಒಡೆದಿವೆ, ಆದರೂ ಉಣ್ಣೆಗೆ ತಾಗುವುದೇ ಇಲ್ಲ ಎನ್ನುವಷ್ಟು ಹಗುರ. ಸುತ್ತು ಮುಗಿದ ಮೇಲೆ ದಾರದ ಎರಡೂ ತುದಿ ಸೇರಿಸಿ ಗಂಟು ಹಾಕುತ್ತಾಳೆ.

“ಇನ್ನು ಒದ್ದರೂ ಬಿಚ್ಚಲ್ಲ ಆಬಿಲೇ. ಗಯಾಕ್ಕೆ ಹೋಗಿ ಮರದ ಕಡ್ಡಿ ತಗೊಳ್ಳಿ, ಈ ದಾರ ಎಳೆದು ಬಿಸಾಕಿ,” ಎನ್ನುತ್ತಾಳೆ. ಆಬಿ ಎಂದರೆ ನಮ್ಮಲ್ಲಿ ಅಜ್ಜಿ.

“ನಿನ್ನ ದಾರ?” ಎಂದು ಅಜ್ಜಿ ಕೇಳುತ್ತಾಳೆ.

“ಬುದ್ಧನ ಪಾದಕ್ಕೆ ಕೊಟ್ಟೆ ಅಂದ್ಕೊಳ್ಳಿ. ಶೂ ದಾರ ಕೊಟ್ಟೋರಿಗೂ ಅವನು ಏನಾದ್ರೂ ಕೊಡ್ತಾನೇನೋ ನೋಡೋಣ.”

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಾಳೆ. ರಿಗ್‌ಜಿನ್ ಯಾಂಗ್‌ಡೋಲ್ ಮತ್ತೆ ಕೋಲು ಹಿಡಿಯುತ್ತಾಳೆ.

ನಮ್ಮ ಕಡೆ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಹೊಲದ ಬದುವಿನಲ್ಲಿ, ಬಸ್ಸಿನಲ್ಲಿ, ಗೊಂಪಾ ಮಠದ ಅಂಗಳದಲ್ಲಿ ಪ್ರವಚನ ಕೇಳುವಾಗಲೂ ಕಡ್ಡಿ ಆಡುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿಗಳು ಮುಚ್ಚಿದರೆ ಊರಿನಿಂದ ಹೊರಬೀಳಲು ವಿಮಾನವೊಂದೇ ಗತಿ. ಬೋಧಗಯೆಗೆ ಹೊರಟ ಅಜ್ಜಿಯರು, ಚಂಡೀಗಢದ ಆಸ್ಪತ್ರೆಗೆ ಹೊರಟವರು, ಜಮ್ಮುವಿನಲ್ಲಿ ಓದುವ ಮಕ್ಕಳನ್ನು ನೋಡಲು ಹೊರಟವರು, ಎಲ್ಲರ ಕೈಚೀಲದಲ್ಲೂ ಒಂದು ಉಂಡೆ ಉಣ್ಣೆ, ಅದಕ್ಕೆ ಚುಚ್ಚಿದ ಕಡ್ಡಿ. ತಪಾಸಣೆಯವರು ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಬಿಡುವುದಿಲ್ಲ. ಮರದ್ದಾದರೆ ಒಂದು ಮಾತು, ಉಕ್ಕಿನದಾದರೆ ಇನ್ನೊಂದು. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅದು ತಿಳಿಯುವ ಹೊತ್ತಿಗೆ ಪೆಟ್ಟಿಗೆ ವಿಮಾನದ ಹೊಟ್ಟೆ ಸೇರಿರುತ್ತದೆ.

ಯಾಂಗ್‌ಡೋಲ್ ಹುಟ್ಟಿದ್ದು ಚಾಂಗ್‌ಥಾಂಗ್‌ನ ಎತ್ತರದ ಬಯಲಿನಲ್ಲಿ, ಮೇಕೆ ಮೇಯಿಸುವವರ ಗುಡಾರದಲ್ಲಿ. ಒಂದು ಚಳಿಗಾಲ ಹಿಮ ಎದೆಮಟ್ಟ ಬಿದ್ದು ಮೇಕೆಗಳೆಲ್ಲ ನಿಂತಲ್ಲೇ ಸತ್ತವು. ಮೇಕೆ ಹೋದ ಮೇಲೆ ಗುಡಾರಕ್ಕೇನು ಕೆಲಸ? ಗಂಡ ಹೆಂಡತಿ ಲೇಹ್‌ನ ಅಂಚಿಗೆ ಬಂದು ನೆಲೆಸಿದರು. ಗಂಡ ಲಾರಿಗೆ ಮಣ್ಣು ತುಂಬುತ್ತಾನೆ. ಇವಳು ಗುತ್ತಿಗೆದಾರರ ಕೈಕೆಳಗೆ ನಿಲ್ದಾಣ ಗುಡಿಸುತ್ತಾಳೆ. ಗಾಳಿ ಏಳುವ ಮೊದಲೇ ವಿಮಾನಗಳು ಬಂದು ಹೋಗಬೇಕಾದ್ದರಿಂದ ಕೆಲಸವೆಲ್ಲ ಬೆಳಗಿನ ಹೊತ್ತಿನಲ್ಲೇ. ಎದ್ದು ಒಲೆಗೆ ಒಣ ಸಗಣಿ ತುಂಬಿ, ಉಪ್ಪು ಚಹಾದಲ್ಲಿ ಹಿಟ್ಟು ಕಲಸಿ ಕುಡಿದು, ಕತ್ತಲಲ್ಲೇ ನಡೆದು ಬರುತ್ತಾಳೆ.

ಕುಣಿಕೆ ಎತ್ತುವ ಕೆಲಸವನ್ನು ಅವಳಿಗೆ ಯಾರೂ ಹೇಳಿದ್ದಲ್ಲ. ಬಹಳ ಹಿಂದೆ ಒಬ್ಬ ಮುದುಕಿ, ಕಡ್ಡಿ ಕಳೆದುಕೊಂಡ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದು ಬಿಚ್ಚಿಹೋಗುವುದನ್ನು ನೋಡುತ್ತ ಕೂತಿದ್ದಳಂತೆ. ಯಾಂಗ್‌ಡೋಲ್ ತನ್ನ ಶೂ ದಾರ ಎಳೆದಳು. ಅಂದಿನಿಂದ ಜೇಬಿನಲ್ಲಿ ದಾರ ಇಟ್ಟುಕೊಂಡೇ ಬರುತ್ತಾಳೆ. ಯಾತ್ರೆಯ ಕಾಲದಲ್ಲಿ ದಿನಕ್ಕೆ ಮೂರು ನಾಲ್ಕು ಬೇಕಾಗುತ್ತವೆ, ಬೇಸಿಗೆಯಲ್ಲಿ ವಾರಕ್ಕೊಂದು ಹೋದರೆ ಹೆಚ್ಚು. ಯಾಕೆ ಈ ಉಸಾಬರಿ ಎಂದು ಕೇಳಿದೆ. “ಬಿಚ್ಚೋದನ್ನ ನೋಡ್ಕೊಂಡು ಹೇಗೆ ನಿಂತ್ಕೊಳ್ಳೋದು? ನಿಮ್ಮ ಕೈಲಿ ಆಗುತ್ತಾ?” ಎಂದಳು.

ಅವಳ ಬಗ್ಗೆ ಬರೆಯಬೇಕೆಂದು ನನಗೆ ಅನ್ನಿಸಿದ್ದು ಕಳೆದ ಚಳಿಗಾಲದ ಒಂದು ಬೆಳಿಗ್ಗೆ. ಅಂದು ನಾನೂ ತಪಾಸಣೆಯ ಸಾಲಿನಲ್ಲಿದ್ದೆ. ಕಂಡದ್ದು ಇನ್ನೂ ಕಣ್ಣಿನಿಂದ ಇಳಿದಿಲ್ಲ.

ನನಗಿಂತ ಎರಡು ಹೆಜ್ಜೆ ಮುಂದೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಹೆಸರು ದೆಸ್ಕಿತ್ ಎಂದು ಆಮೇಲೆ ತಿಳಿಯಿತು. ಬಟ್ಟೆಚೀಲವೊಂದನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದಳು. ಯಂತ್ರದ ಪರದೆಯಲ್ಲಿ ಕಡ್ಡಿಗಳು ಕಂಡವು. ಕಾವಲು ಕೆಲಸದ ಹುಡುಗಿ ಬಿನೀತಾ ಕುಜುರ್, ಜಾರ್ಖಂಡಿನವಳು, ಚೀಲ ತೆರೆಸಿದಳು. ಒಳಗೊಂದು ಸ್ವೆಟರ್. ಒಂದು ತೋಳು ಮುಗಿದಿತ್ತು. ಇನ್ನೊಂದು ಮೊಣಕೈ ದಾಟಿ ನಾಲ್ಕು ಕಡ್ಡಿಗಳ ನಡುವೆ ನಿಂತಿತ್ತು. ಇವನ್ನು ಬಿಡಲಾಗದು, ಹೊರಗಿರುವ ಯಾರಿಗಾದರೂ ಕೊಟ್ಟು ಬನ್ನಿ ಎಂದು ಬಿನೀತಾ ಹಿಂದಿಯಲ್ಲಿ ಹೇಳಿದಳು. ಮಾತು ಮೆತ್ತಗೇ ಇತ್ತು. ದೆಸ್ಕಿತ್ ತಲೆಯಾಡಿಸಿದಳು. ಹೊರಗೆ ಯಾರೂ ಇಲ್ಲ, ತೆಗೆಯಬೇಡಿ ಎಂದಳು. ಯಾಕೆಂದು ಕೇಳಿದರೂ ತೆಗೆಯಬೇಡಿ ಎನ್ನುವುದೊಂದೇ ಮಾತು.

ಹಿಂದಿನವರು ಗೊಣಗತೊಡಗಿದರು. ಬಿನೀತಾ ಒಂದು ಕಡ್ಡಿಯನ್ನು ಹಿಡಿದಳು, ಅದೇ ಕ್ಷಣಕ್ಕೆ ದೆಸ್ಕಿತ್ ಚೀಲವನ್ನು ತನ್ನತ್ತ ಎಳೆದಳು. ಕಡ್ಡಿಗಳು ಕಳಚಿ ಕಲ್ಲುನೆಲದ ಮೇಲೆ ಠಣ್ಣೆಂದು ಬಿದ್ದವು. ಸ್ವೆಟರ್ ಜಾರಿ, ಆ ಅರ್ಧ ತೋಳು ನೆಲಕ್ಕೆ ಬಿತ್ತು. ನೂಲಿನ ತುದಿ ದೆಸ್ಕಿತ್‌ಳ ಬಳೆಗೆ ಸಿಕ್ಕಿಕೊಂಡಿತ್ತು. ಅವಳು ಗಾಬರಿಯಲ್ಲಿ ಕೈ ಎತ್ತಿದ್ದೇ ತಡ, ಕೊನೆಯ ಸಾಲಿನ ಕುಣಿಕೆಗಳು ಎಲ್ಲರ ಕಣ್ಣೆದುರು ಸರಸರನೆ ಬಿಚ್ಚುತ್ತ ಹೋದವು.

ಕಸದ ಮೊರ ಹಿಡಿದಿದ್ದ ಯಾಂಗ್‌ಡೋಲ್ ಅದನ್ನು ಬಿಸಾಕಿ, ದಾಟಬಾರದ ಹಳದಿ ಗೆರೆ ದಾಟಿ ಓಡಿಬಂದಳು. ನೆಲಕ್ಕೆ ಕೂತು ತೋಳನ್ನು ಎರಡೂ ಅಂಗೈಯಲ್ಲಿ ಅವುಚಿ ಹಿಡಿದಳು. ದೆಸ್ಕಿತ್ ತಿರುಗಿ ನೋಡಿದಳು. ಗುಡಿಸುವವಳ ನೀಲಿ ಅಂಗಿ, ಗೆರೆಯಾಚೆ ಬಿದ್ದ ಮೊರ, ಅವಳ ಕೈಯಲ್ಲಿ ಆ ತೋಳು. ಕೈ ಬೀಸಿ ಅವಳ ಕೆನ್ನೆಗೆ ಬಾರಿಸಿದಳು.

ಆ ಸದ್ದಿಗೆ ಇಡೀ ಹಜಾರ ತಿರುಗಿ ನೋಡಿತು. ಯಂತ್ರದ ಪಟ್ಟಿಯನ್ನು ಯಾರೋ ನಿಲ್ಲಿಸಿದರು.

“ಅದು ಕಸ ಅಲ್ಲ,” ಎಂದಳು ದೆಸ್ಕಿತ್. “ಅದು ನಮ್ಮಮ್ಮ ಹೆಣೀತಿದ್ದಿದ್ದು. ಹೆಣೀತಾ ಹೆಣೀತಾ ಹೋಗ್ಬಿಟ್ಲು. ಬೂದಿ ಇನ್ನೂ ಆರಿಲ್ಲ.”

ಬಿನೀತಾಳ ಮುಖ ಸುಣ್ಣವಾಯಿತು. ಲಡಾಖಿ ಮಾತು ಅವಳಿಗೆ ಬಾರದು, ಆದರೂ ಅಮ್ಮ ಎನ್ನುವ ಮಾತು ಯಾರಿಗೆ ತಿಳಿಯುವುದಿಲ್ಲ? ಸಾಲಿನಲ್ಲಿದ್ದ ಒಬ್ಬ ಮುದುಕ ಟೋಪಿ ತೆಗೆದ.

ಯಾಂಗ್‌ಡೋಲ್ ಮಾತ್ರ ತಲೆ ಎತ್ತಲಿಲ್ಲ. ಕೆನ್ನೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡುತ್ತಿದ್ದವು, ಅವಳ ಕೈ ಕುಣಿಕೆಗಳ ಮೇಲಿಂದ ಸರಿಯಲಿಲ್ಲ. “ನೂಲು ಎಳೀಬೇಡ ತಂಗಿ. ಕೈ ಕೆಳಗಿಳಿಸು. ಹಾಗೇ ನಿಂತ್ಕೋ,” ಎಂದಳು. ಜೇಬು ತಡಕಿದಳು. ಅಂದಿನ ದಾರಗಳು ಆಗಲೇ ಮುಗಿದಿದ್ದವು. ಒಂದೇ ಕೈಯಲ್ಲಿ ಸ್ವಂತ ಶೂವಿನ ದಾರ ಬಿಚ್ಚಿ, ತುದಿಯನ್ನು ತುಟಿಗೆ ಒತ್ತಿ ಒರೆಸಿ, ಕುಣಿಕೆಗಳಿಗೆ ತೂರಿಸತೊಡಗಿದಳು. ವಿಮಾನಕ್ಕೆ ಕರೆ ಬಂತು. ಯಾರೂ ಕದಲಲಿಲ್ಲ. ಕೊನೆಯ ಸಾಲಿನ ಅರ್ಧದಷ್ಟು ಬಿಚ್ಚಿಹೋಗಿತ್ತು. ಅಲ್ಲೆಲ್ಲ ಕೆಳಗಿನ ಸಾಲಿನ ಕುಣಿಕೆಯನ್ನೇ ಹಿಡಿದಳು. ಉಳಿದ ಅರ್ಧವನ್ನು ಇದ್ದಂತೆಯೇ ಪೋಣಿಸಿದಳು. ಬಿಚ್ಚಿದ ನೂಲನ್ನು ಸುತ್ತಿ ಬಟ್ಟೆಚೀಲದಲ್ಲಿಟ್ಟಳು. ಗಂಟು ಹಾಕಿ, ಸ್ವೆಟರನ್ನು ಎರಡೂ ಕೈಯಲ್ಲಿ ದೆಸ್ಕಿತ್‌ಗೆ ಕೊಟ್ಟಳು.

ದೆಸ್ಕಿತ್ ಅದನ್ನು ತೆಗೆದುಕೊಂಡಳು. ಎದೆಗೊತ್ತಿಕೊಂಡು ವಿಮಾನದ ಕಡೆ ನಡೆದಳು. ನಾನೂ ಅದೇ ವಿಮಾನದಲ್ಲಿ ಹೋದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ನನ್ನ ಮನಸ್ಸಿಗೆ ಇನ್ನೊಂದು ಏಟು ಬಿದ್ದದ್ದು ತಿಂಗಳ ನಂತರ ಊರಿಗೆ ಮರಳಿದಾಗ. ಯಾಂಗ್‌ಡೋಲ್ ಒಳಗಿರಲಿಲ್ಲ. ಗೆರೆ ದಾಟಿದ್ದಕ್ಕೆ, ಪ್ರಯಾಣಿಕರ ವಸ್ತು ಮುಟ್ಟಿದ್ದಕ್ಕೆ, ಸಾಲದೆಂಬಂತೆ ದಾರವಿಲ್ಲದ ಶೂ ಎಳೆದುಕೊಂಡು ಕೆಲಸ ಮಾಡಿದ್ದಕ್ಕೆ, ಗುತ್ತಿಗೆದಾರರ ಮೇಸ್ತ್ರಿ ಅವಳನ್ನು ಹೊರಗಿನ ಶೌಚಾಲಯಕ್ಕೆ ಹಾಕಿದ್ದ. ಅಲ್ಲಿ ನಲ್ಲಿಯ ನೀರು ಹೆಪ್ಪುಗಟ್ಟಿರುತ್ತದೆ, ಬಕೆಟ್ಟಿನ ಮಂಜುಗಡ್ಡೆ ಒಡೆದು ತೊಳೆಯಬೇಕು. ಏಟು ಬಿದ್ದದ್ದನ್ನು ಅವಳು ಮನೆಯಲ್ಲೂ ಹೇಳಿರಲಿಲ್ಲ. ಕೆನ್ನೆ ಯಾಕೆ ಕೆಂಪಾಗಿದೆ ಎಂದು ಗಂಡ ಕೇಳಿದ್ದಕ್ಕೆ, ಒಲೆ ಊದಿದೆ ಎಂದಿದ್ದಳಂತೆ.

ಬಿನೀತಾ ಅಂದು ಕೆಲಸ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳೆಂದು ಅವಳ ಜೊತೆಯವರು ಹೇಳುತ್ತಾರೆ. ಆಮೇಲೆ ಮೇಲಿನವರನ್ನು ಕೇಳಿ, ಆ ನಾಲ್ಕು ಕಡ್ಡಿಗಳನ್ನು ಯಾಂಗ್‌ಡೋಲ್‌ಳ ಕೈಗೆ ಕೊಟ್ಟಳು. ಹೊರಗಿರುವ ಯಾರಿಗಾದರೂ ಕೊಡಬಹುದೆಂದು ಪದ್ಧತಿಯೇ ಇದೆ. ಆ ಹೆಂಗಸಿಗೆ ಹೊರಗೆ ಯಾರೂ ಇಲ್ಲವೆಂದ ಮೇಲೆ ಇವಳೇ ಯಾರಾದರೂ ಆಗಲಿ ಎಂದು ಬಿನೀತಾ ವಾದಿಸಿದ್ದಳು. ಯಾಂಗ್‌ಡೋಲ್ ಅವನ್ನು ಪೂಜೆಗೆ ಬಳಸುವ ಬಿಳಿ ಖತಕ್ ವಸ್ತ್ರದಲ್ಲಿ ಸುತ್ತಿ ಮನೆಯ ದೇವರ ಗೂಡಿನಲ್ಲಿಟ್ಟಳು.

ಏಪ್ರಿಕಾಟ್ ಮರಗಳು ಮೊಗ್ಗಾಗುವ ಹೊತ್ತಿಗೆ ದೆಸ್ಕಿತ್ ಬಂದಳು. ನಿಲ್ದಾಣದಲ್ಲಿ ವಿಚಾರಿಸಿ, ಹೊರಗಿನ ಶೌಚಾಲಯದ ಮೆಟ್ಟಿಲ ಬಳಿ ನಿಂತಳು. ಯಾಂಗ್‌ಡೋಲ್ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು.

“ಅಚೆಲೇ,” ಎಂದು ಅಕ್ಕನನ್ನು ಕರೆಯುವಂತೆ ಕರೆದಳು ದೆಸ್ಕಿತ್. “ನಾನು ನಿಮ್ಮನ್ನ ಕಸ ಗುಡಿಸೋಳು ಅಂದ್ಕೊಂಡ್ಬಿಟ್ಟೆ.”

“ಗುಡಿಸೋಳೇ ಅಲ್ವಾ ನಾನು,” ಎಂದಳಂತೆ ಯಾಂಗ್‌ಡೋಲ್. “ಚಹಾ ಕುಡಿ, ಆರಿಹೋಗುತ್ತೆ.”

ಆಗ ದೆಸ್ಕಿತ್ ಅತ್ತಳು, ಆಮೇಲೆ ಎಲ್ಲವನ್ನೂ ಹೇಳಿದಳು. ಅವಳ ತಮ್ಮ ಜಿಗ್‌ಮತ್ ರಸ್ತೆ ಕೆಲಸದಲ್ಲಿ ಬಂಡೆ ಉರುಳಿ ಸೊಂಟ ಮುರಿದುಕೊಂಡು ಚಂಡೀಗಢದಲ್ಲಿ ಮಲಗಿದ್ದ. ಅಮ್ಮನ ಸುದ್ದಿ ಅವನಿಗೆ ಫೋನಿನಲ್ಲೇ ತಲುಪಿತ್ತು. ಕೊನೆಗೆ ಏನು ಮಾಡ್ತಿದ್ಲು ಎಂದು ಕೇಳಿದನಂತೆ. ನಿನ್ನ ಸ್ವೆಟರಿನ ತೋಳು ಹೆಣೀತಿದ್ಲು ಎಂದಳು ಇವಳು. ಹಾಗೇ ತಾ, ಕಡ್ಡಿ ತೆಗೀಬೇಡ, ಯಾರ ಕೈಲೂ ಮುಂದೆ ಹೆಣೆಸಬೇಡ ಎಂದ. ಆ ಕಡ್ಡಿಗಳನ್ನು ಅವನೇ ಚಿಕ್ಕಂದಿನಲ್ಲಿ ಸೈಕಲ್ ಚಕ್ರದ ಕಂಬಿ ಮುರಿದು, ಹೊಳೆಯ ಕಲ್ಲಿಗೆ ಉಜ್ಜಿ ಅಮ್ಮನಿಗೆ ಮಾಡಿಕೊಟ್ಟಿದ್ದ. ದೆಸ್ಕಿತ್‌ಗೆ ಹೆಣಿಗೆ ಬಾರದು. ಬಿದ್ದ ಕುಣಿಕೆಯನ್ನು ಎತ್ತಬಹುದೆಂಬುದೂ ಅವಳಿಗೆ ಗೊತ್ತಿರಲಿಲ್ಲ.

ಒಂದು ವಿಷಯ ಮಾತ್ರ ಆಸ್ಪತ್ರೆಯ ಹಾಸಿಗೆಯಲ್ಲಿ ಜಿಗ್‌ಮತ್‌ನ ಕಣ್ಣಿಗೇ ಬಿದ್ದದ್ದು. ಬಿಚ್ಚಿದ ಅರ್ಧ ಸಾಲನ್ನು ದಾರ ಹಾಕಿದವರು ಮತ್ತೆ ಹೆಣೆದು ಮುಚ್ಚಿರಲಿಲ್ಲ. ಆ ಪ್ರಶ್ನೆಯನ್ನು ದೆಸ್ಕಿತ್ ಯಾಂಗ್‌ಡೋಲ್‌ಳ ಮುಂದಿಟ್ಟಳು. ಅಷ್ಟು ಕೈ ಇದ್ದೂ ಯಾಕೆ ಸರಿ ಮಾಡಲಿಲ್ಲ?

“ಹೆಣೆದಿದ್ರೆ ಅದು ನನ್ನ ಸಾಲು ಆಗ್ತಿತ್ತು,” ಎಂದಳು ಯಾಂಗ್‌ಡೋಲ್. “ನಿಮ್ಮಮ್ಮಂದು ಎಷ್ಟು ಉಳಿದಿತ್ತೋ ಅಷ್ಟೇ ಉಳೀಲಿ ಅಂತ ಬಿಟ್ಟೆ.”

ದೆಸ್ಕಿತ್ ಅಲ್ಲಿಂದ ನೆಟ್ಟಗೆ ಗುತ್ತಿಗೆದಾರರ ಮೇಸ್ತ್ರಿಯ ಕೋಣೆಗೆ ಹೋದಳು. ಏಟು ಹಾಕಿದವಳು ನಾನು, ಶಿಕ್ಷೆ ಅವಳಿಗೇಕೆ ಎಂದು ಕೇಳಿ, ಉತ್ತರ ಸಿಗುವವರೆಗೂ ಬಾಗಿಲು ಬಿಡಲಿಲ್ಲ. ವಾರದೊಳಗೆ ಯಾಂಗ್‌ಡೋಲ್ ಒಳಗೆ ಬಂದಳು. ಯಾಂಗ್‌ಡೋಲ್ ಜೋಪಾನ ಮಾಡಿದ್ದ ಕಡ್ಡಿಗಳು ಈ ಸಲ ದೊಡ್ಡ ಪೆಟ್ಟಿಗೆಯಲ್ಲಿ ಚಂಡೀಗಢಕ್ಕೆ ಹೋದವು. ಜಿಗ್‌ಮತ್‌ನ ಮನಸ್ಸು ಬದಲಾಗಿತ್ತು. ಮಲಗಿದಲ್ಲೇ ಇರಬೇಕಾದ ಇಷ್ಟು ತಿಂಗಳು ಸುಮ್ಮನೇಕೆ ಕಳೆಯಲಿ, ಉಳಿದದ್ದನ್ನು ನಾನೇ ಹೆಣೆಯುತ್ತೇನೆ ಎಂದನಂತೆ. ಅಮ್ಮನ ಕೈ ನಿಂತ ಕಡೆಯಿಂದ ಮಗನ ಕೈ ಶುರುವಾಗಿದೆ. ಸಾಲು ಸ್ವಲ್ಪ ಬಿಗಿ, ಸ್ವಲ್ಪ ಡೊಂಕು ಎಂದು ದೆಸ್ಕಿತ್ ನಗುತ್ತ ಹೇಳಿದಳು.

ಬಿನೀತಾಳಿಗೆ ಬೇರೆ ಊರಿಗೆ ವರ್ಗವಾಗಿದೆ. ಹೋಗುವ ಮೊದಲು ಯಾಂಗ್‌ಡೋಲ್ ಅವಳಿಗೆ ಎರಡು ಕಡ್ಡಿಯಲ್ಲಿ ಕುಣಿಕೆ ಹಾಕುವುದನ್ನು ಕಲಿಸಿದಳು.

ಕೊನೆಗೆ, ನಿಮಗೇನು ಬೇಕು ಎಂದು ಕೇಳಿದೆ. ಸಂಬಳದ ಮಾತಾಡುತ್ತಾಳೆಂದುಕೊಂಡಿದ್ದೆ. ಅವಳು ಹೊರಬಾಗಿಲಿನ ಕಡೆ, ಪೆಟ್ಟಿಗೆ ಒಪ್ಪಿಸುವ ಜಾಗಕ್ಕೂ ಮೊದಲು ಸಿಗುವ ಖಾಲಿ ಗೋಡೆಯತ್ತ ಕೈ ತೋರಿಸಿದಳು.

“ಅಲ್ಲೊಂದು ಬೋರ್ಡು ಹಾಕ್ಸಿ. ಅಕ್ಷರ ಬೇಡ, ನಮ್ಮ ಆಬಿಗಳು ಓದಲ್ಲ. ಚಿತ್ರ ಬರೆಸಿ. ಒಂದು ಉಂಡೆ ಉಣ್ಣೆ, ಎರಡು ಕಡ್ಡಿ, ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ. ಅಷ್ಟು ಸಾಕು, ಅರ್ಥ ಆಗುತ್ತೆ.”

ಹಾಗಾದರೆ ನಿಮ್ಮ ಈ ಕೆಲಸ ನಿಂತೇ ಹೋಗುತ್ತದಲ್ಲ ಎಂದೆ.

“ನಿಲ್ಲಲಿ. ಗುಡಿಸೋಕೆ ನೆಲ ಇದ್ದೇ ಇದೆ.” ಕೋಲಿನ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನಾನು ಹೊರಟೆನೆಂದು ತಿಳಿದು, ಬೆನ್ನು ತಿರುಗಿಸಿಕೊಂಡೇ ಇನ್ನೊಂದು ಮಾತು ಸೇರಿಸಿದಳು. “ಆದ್ರೆ ಒಂದು ಬರ್ಕೊಳ್ಳಿ. ನನ್ನ ಕೈಗೆ ಬಂದಿದ್ದು ಒಂದೂ ದಾರೀಲಿ ಬಿಚ್ಚಿಲ್ಲ.”