ಪೂಜೆಗೆ ಕೂತ ಬ್ಯಾಟು

ಅರವತ್ತರ ದಶಕದ ಆರಂಭದಲ್ಲಿ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಯಂತ್ರ ಕೂಡಿಸಲು ಅಮೆರಿಕದಿಂದ ಬಂದಿದ್ದ ಯಹೂದಿ ಇಂಜಿನಿಯರ್ ಒಬ್ಬರ ಮಾತನ್ನು ಕನ್ನಡಕ್ಕೆ ತಿರುಗಿಸುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ವಯಸ್ಸಿದ್ದಾಗ ಅವರು ಬೇಸ್‌ಬಾಲ್ ಆಟಗಾರರು. ತಮ್ಮ ಧರ್ಮದ ಉಪವಾಸದ ದಿನ ಆಡಲಾರೆ ಎಂದು ಬೆಂಚಿನ ಮೇಲೆ ಕೂತದ್ದಕ್ಕೆ ತಂಡದಿಂದ ಹೊರಬಿದ್ದಿದ್ದರಂತೆ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದರೆಂದರೆ, ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ನಾನು ಅನುವಾದ ಮುಗಿಸಿರುತ್ತಿದ್ದೆ.

ಸಂಜೆ ಹೊತ್ತು ಅವರು ಕಾರ್ಖಾನೆಯ ನಮ್ಮ ಬೇಸ್‌ಬಾಲ್ ತಂಡಕ್ಕೆ ಕೋಚ್. ತಂಡದಲ್ಲಿದ್ದ ಮರಗೆಲಸದ ಮೇಸ್ತ್ರಿಯೇ ಎರಡು ಬ್ಯಾಟು ಕಡೆದುಕೊಟ್ಟ. ಚೆಂಡು ಹೊಡೆದ ಮೇಲೆ ಬ್ಯಾಟು ಬಿಸಾಕಿ ಓಡಿ ಎಂದು ಅವರು ಅರಚಿದರೆ, ಕ್ರಿಕೆಟ್ಟಿನ ಚಟದ ನಾವು ಅದನ್ನು ಎದೆಗವಚಿಕೊಂಡೇ ಓಡುತ್ತಿದ್ದೆವು.

"ನಾನೇ ಮಾಡಿದ್ದನ್ನ ಮಣ್ಣಿಗೆ ಎಸೀಲಾ?" ಎನ್ನುತ್ತಿದ್ದ ಮೇಸ್ತ್ರಿ.

ಊರಿಗೆ ಮರಳುವ ಮುನ್ನ ನಮ್ಮಿಂದ ಒಂದೇ ಒಂದು ಪಂದ್ಯ ಆಡಿಸಬೇಕೆಂದು ಅವರಿಗೆ ಆಸೆ. ಹೊರಡುವ ದಿನ ರಜೆಯೇ ಎಂದು ಕೇಳಿದರು. ಆಯುಧಪೂಜೆ, ಇಡೀ ದಿನ ರಜೆ ಎಂದೆ. ಬ್ಯಾಟೂ ಆಯುಧವೇ ಎಂದು ನನ್ನ ಪೆದ್ದು ತಲೆಗೆ ಹೊಳೆಯಲಿಲ್ಲ.

ಆ ದಿನ ಬೆಳಗಿನ ಬಸ್ಸಿಗೇ ಪಂದ್ಯಕ್ಕೆಂದು ಶಿವಮೊಗ್ಗದ ಕಾಲೇಜು ತಂಡ ಬರಿಗೈಯಲ್ಲಿ ಬಂದಿಳಿಯಿತು. ಬ್ಯಾಟು ತರಲು ಕೋಚ್ ಜೊತೆ ಮರಗೆಲಸದ ಶೆಡ್ಡಿಗೆ ಹೋದರೆ, ಗರಗಸ, ಉಳಿಗಳ ನಡುವೆ ಎರಡೂ ಬ್ಯಾಟು ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದು ಕೂತಿವೆ. ಪಕ್ಕದಲ್ಲಿ, ಕೋಚ್ ಚೆಂಡು ಹಿಡಿಯುತ್ತಿದ್ದ ಹಳೇ ಚರ್ಮದ ಗ್ಲೌಸು!

"ಗುರುಗಳ ಆಯುಧ ಬಿಟ್ಟು ಪೂಜೆ ಮಾಡಕ್ಕಾಗತ್ತಾ?" ಎಂದ ಮೇಸ್ತ್ರಿ. "ನಾಳೆ ಬೆಳಗ್ಗೆವರೆಗೂ ಯಾವ್ದೂ ಮುಟ್ಟಂಗಿಲ್ಲ ಮಾರಾಯ."

ಕೋಚ್ ಕೆಂಪೇರಿದರು. ಸಂಜೆಯ ರೈಲಿಗೆ ಹೊರಡುವವನು ನಾನು, ಇನ್ನು ಯಾವಾಗ ಆಡಿಸಲಿ ಎಂದು ಕೂಗಾಡಿದರು. ಅರ್ಧ ನುಂಗಿ ಅರ್ಧ ಅನುವಾದಿಸಿದೆ.

ಮೇಸ್ತ್ರಿ ಜಗ್ಗಲಿಲ್ಲ. "ಅವರ ದೇವರ ದಿನ ಅವರು ಆಡ್ಲಿಲ್ಲ ಅಂತ ನೂರು ಸಲ ಹೇಳಿದಾರಲ್ಲ. ಇವತ್ತು ನಮ್ಮದು ಅಂತ ಹೇಳು."

ಹೇಳಿದೆ. ಕೋಚ್ ಗ್ಲೌಸಿನತ್ತ ನೋಡಿದರು. ಆಮೇಲೆ ಬೆಂಚಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡೂ ತಂಡದವರು ಅವರ ಅಕ್ಕಪಕ್ಕ ಕೂತು ಪ್ರಸಾದದ ಮಂಡಕ್ಕಿ ಮುಕ್ಕಿದೆವು.

ಸಂಜೆ ಸ್ಟೇಷನ್ನಿನಲ್ಲಿ, ಗ್ಲೌಸು ನಾಳೆಯೇ ಪೋಸ್ಟ್ ಮಾಡುತ್ತೇನೆ ಎಂದೆ. ಬೇಡ, ಅಲ್ಲೇ ಇರಲಿ ಎಂದರು. ಆ ಉಪವಾಸದ ದಿನ ಬೆಂಚಿನ ಮೇಲೆ ನಾನೊಬ್ಬನೇ ಕೂತಿದ್ದೆ, ಇವತ್ತು ಇಡೀ ತಂಡ ನನ್ನ ಜೊತೆ ಕೂತಿತು ಎಂದರು.

"ಏನಂದ್ರು? ಏನಂದ್ರು?" ಎಂದು ಮೇಸ್ತ್ರಿ ನನ್ನ ತೋಳು ಜಗ್ಗುತ್ತಲೇ ಇದ್ದ. ಅವತ್ತೊಂದು ದಿನ ನನಗೆ ಅನುವಾದವೇ ಬರಲಿಲ್ಲ.