ಶಹಾಪುರದ ಓಟದಲ್ಲಿ ಪದಕ ಯಾರ ಕೊರಳಿಗೆ

ಗೆಳೆಯರೇ, ನನ್ನ ಮೊದಲ ಹತ್ತು ಕಿಲೋಮೀಟರ್ ಓಟ ಇವತ್ತು ಶಹಾಪುರದಲ್ಲಿ ಹೇಗೋ ಮುಗಿಯಿತು. ಎಂಟನೇ ಕಿಲೋಮೀಟರಿಗೇ ಕಾಲುಗಳು ಸೆಟೆದುಕೊಂಡಿದ್ದವು. ಒಬ್ಬೊಬ್ಬರೇ ನನ್ನನ್ನು ದಾಟಿ ಹೋಗುತ್ತಿದ್ದರು. ನೀರು ಹಿಡಿದು ಸ್ಕೂಟಿಯಲ್ಲಿ ಜೊತೆಗೆ ಬರುತ್ತಿದ್ದ ಗೆಳತಿ ಮಹಾದೇವಿಗೆ, “ಸಾಕು, ಮನಿಗಿ ಹೋಗಮು” ಎಂದೆ.

“ಮೂರು ತಿಂಗಳು ನಸುಕಿನ್ಯಾಗ ನನ್ನ ಎಬ್ಬಿಸಿ, ಈಗ ಸಾಕಂತಿ? ನಡಿ” ಎಂದವಳೇ ಸ್ಕೂಟಿ ನಿಲ್ಲಿಸಿ, ಸೀರೆ ಎತ್ತಿಕಟ್ಟಿ, ನನ್ನ ಕೈ ಹಿಡಿದು ಓಡತೊಡಗಿದಳು. ಕೊನೆಯವರೆಗೂ ಬೈಯುತ್ತಲೇ ಓಡಿದಳು.

ಗುರಿ ಮುಟ್ಟಿದಾಗ ಸಂಘಟಕರೊಬ್ಬರು ಪದಕವನ್ನು ಅವಳ ಕೊರಳಿಗೇ ಹಾಕಿದರು.

“ಓಡಿದಾಕಿ ಈಕಿರಿ. ನಾ ಬರೇ ಬಯ್ಯಾಕ ಬಂದಾಕಿ” ಎಂದಳು.

ಯಾರೂ ನಂಬಲಿಲ್ಲ. ಪತ್ರಿಕೆಯವರೂ ಅವಳದೇ ಫೋಟೋ ತೆಗೆದರು. ಅದರಲ್ಲಿ ಹಿಂದೆ ಬಗ್ಗಿ, ಮೊಣಕಾಲು ಹಿಡಿದುಕೊಂಡು ನಿಂತಿರುವ ಸ್ಪರ್ಧಿ ನಾನು.